ರಸ್ತೆ ಮೇಲೆ ರಾಜಿ ಮಾಡ್ಕೊಂಡು ಪಾಲಿಸಿ ದುಡ್ಡು ಕೈಬಿಡಬೇಡಿ!

ಬೈರಮಂಗಲ, ಕಂಚುಗಾರನಹಳ್ಳಿ, ಬನ್ನಿಗೆರೆ, ಅರಳಾಳುಸಂದ್ರ ಸುತ್ತಮುತ್ತಲ ಕಾರು ಮಾಲೀಕರೇ, ಟೆಂಪೊ-ಆಟೊ ಓಡಿಸುವ ಅಣ್ಣಂದಿರೇ, ಮನೆಯಲ್ಲಿ ಪಾಲಿಸಿ ಕಾಗದ ಜೋಪಾನ ಮಾಡುವ ಅಕ್ಕ-ತಂಗಿಯರೇ,

ಇದು ಟೌನ್‌ಶಿಪ್ ಯೋಜನೆಯ ಕರಪತ್ರ ಅಲ್ಲ. ಜಮೀನಿನ ಹೋರಾಟದ ಕಾಗದ ನಿಮ್ಮ ಕೈಗೆ ಬೇರೆ ಬರುತ್ತಲೇ ಇದೆ. ಇದು ಗಾಡಿ ವಿಚಾರ. ಟೀ ಅಂಗಡಿಯಲ್ಲಿ ಬಜ್ಜಿ ಕಟ್ಟೋಕೆ ಕೊಡುವ ಮುಂಚೆ ಒಂದು ಸಲ ಪೂರ್ತಿ ಓದಿ.

ಬಿಡದಿ–ಹಾರೋಹಳ್ಳಿ ರಸ್ತೆಯಲ್ಲಿ ಬೆಳಗ್ಗೆ ಹೊತ್ತು ಏನೇನು ಓಡುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕಂಪನಿ ಬಸ್ಸು, ಎಂ-ಸ್ಯಾಂಡ್ ಟಿಪ್ಪರ್, ಸೀಮೆಹುಲ್ಲು ಎತ್ತರಕ್ಕೆ ಹೇರಿದ ಟೆಂಪೊ, ಬೇಬಿಕಾರ್ನ್ ಚೀಲದ ಆಟೊ, ಹಾಲಿನ ಕ್ಯಾನ್ ಕಟ್ಟಿದ ಬೈಕು, ಇವೆಲ್ಲದರ ನಡುವೆ ಸ್ಕೂಲ್ ವ್ಯಾನು. ಅತ್ತ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಕೆಳಗಿಳಿಸಿದರು. ಹಾಗಾಗಿ ಸರ್ವಿಸ್ ರಸ್ತೆಯಲ್ಲಿ, ಅಂಡರ್‌ಪಾಸ್ ತಿರುವಿನಲ್ಲಿ ನಮ್ಮೂರ ಗಾಡಿಗಳೇ ಒಂದಕ್ಕೊಂದು ಮುಖಾಮುಖಿ. ಇನ್ನೋವಾ ಕಾರು ತಯಾರಾಗೋದು ನಮ್ಮ ಬಿಡದಿಯಲ್ಲಿ. ಗುದ್ದಿಸಿಕೊಂಡ ಕಾರಿಗೆ ದುಡ್ಡು ಕೇಳೋದು ಹೇಗೆ ಅನ್ನೋದು ಮಾತ್ರ ನಮಗೆ ಗೊತ್ತಿಲ್ಲ.

ಗಾಡಿ ಗುದ್ದಿದ ಐದು ನಿಮಿಷಕ್ಕೆ ಜನ ಸೇರುತ್ತಾರೆ. ಯಾರೂ ಕರೆಯದೆ ಇಬ್ಬರು ಮೂವರು ಯಜಮಾನರು ಮುಂದೆ ಬರುತ್ತಾರೆ. "ಸ್ಟೇಷನ್ನು ಗೀಷನ್ನು ಅಂತ ಯಾಕಣ್ಣ ಅಲೀತೀರ, ಮೂರು ಸಾವಿರ ಇಸ್ಕೊಂಡು ಹೋಗ್ತಾ ಇರಿ." ನೀವೂ ಕೆಲಸಕ್ಕೆ ತಡ ಆಯ್ತು ಅಂತ ಇಸ್ಕೊಂಡು ಹೊರಡುತ್ತೀರಿ. ಸಂಜೆ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಬಂಪರ್ ಬಿಚ್ಚುತ್ತಾನೆ. ಹೊರಗಡೆ ಬರೀ ಒಂದು ಬಿರುಕು ಕಂಡಿತ್ತು. ಒಳಗೆ ಎಸಿ ಕಂಡೆನ್ಸರ್ ಬಾಗಿದೆ, ರೇಡಿಯೇಟರ್ ಸಪೋರ್ಟ್ ಒಳಕ್ಕೆ ಹೋಗಿದೆ, ಹೆಡ್‌ಲೈಟಿನ ಕಿವಿ ಮುರಿದಿದೆ, ಹಸಿರು ಕೂಲೆಂಟ್ ಹನಿ ಹನಿಯಾಗಿ ನೆಲಕ್ಕೆ ಬೀಳುತ್ತಿದೆ. ಬಿಲ್ಲು ಮೂವತ್ತು ಸಾವಿರ ದಾಟುತ್ತದೆ. ಆಗ ಇನ್ಶೂರೆನ್ಸ್ ನೆನಪಾಗುತ್ತದೆ. ಗುದ್ದಿದವನ ನಂಬರ್ ಇಲ್ಲ, ಫೋಟೊ ಇಲ್ಲ, ಸಾಲದ್ದಕ್ಕೆ "ರಾಜಿ ಆಗಿದೆ, ಇನ್ನೇನೂ ತಕರಾರಿಲ್ಲ" ಅಂತ ಬಿಳಿ ಹಾಳೆ ಮೇಲೆ ಸಹಿ ಬೇರೆ ಹಾಕಿ ಬಂದಿರುತ್ತೀರಿ.

ನಮ್ಮ ಮಾತು ಇಷ್ಟೇ: ವರ್ಷಾ ವರ್ಷ ಪ್ರೀಮಿಯಂ ಕಟ್ಟಿದ್ದೀರಿ. ಆ ದುಡ್ಡನ್ನು ಕೇಳಿ ಪಡೆಯಿರಿ. ರಸ್ತೆ ಪಂಚಾಯ್ತಿಯಲ್ಲಿ ಬಿಟ್ಟುಕೊಡಬೇಡಿ.

ಪಾಲಿಸಿಯ ಕೊನೇ ಪುಟಗಳಲ್ಲಿ ಸಣ್ಣ ಅಕ್ಷರದ ಷರತ್ತುಗಳಿವೆಯಲ್ಲ, ಅದರಲ್ಲೊಂದನ್ನು ಇಲ್ಲೇ ಹೇಳಿಬಿಡುತ್ತೇವೆ. ವಿಮಾ ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಗಾಡಿ ಮಾಲೀಕ ತಪ್ಪೊಪ್ಪಿಕೊಳ್ಳಕೂಡದು, ಎದುರಿನವರಿಗೆ ಇಷ್ಟು ಕೊಡುತ್ತೇನೆಂದು ಮಾತು ಕೊಡಕೂಡದು, ದುಡ್ಡು ಕೊಡಲೂಕೂಡದು. ಅಂದರೆ "ತಪ್ಪು ನಂದೇ, ಆಸ್ಪತ್ರೆ ಖರ್ಚೆಲ್ಲ ನಾನೇ ನೋಡ್ಕೋತೀನಿ" ಅಂತ ಗಾಬರಿಯಲ್ಲಿ ಬರೆದುಕೊಟ್ಟ ಚೀಟಿ ಆಮೇಲೆ ನಿಮ್ಮ ಕುತ್ತಿಗೆಗೇ ಬರುತ್ತದೆ. ಮಾನವೀಯತೆ ಬೇಡ ಅಂತ ನಾವು ಹೇಳುತ್ತಿಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ನೀರು ಕೊಡಿ, ಮನೆಯವರಿಗೆ ಫೋನ್ ಮಾಡಿ. ಕಾಗದಕ್ಕೆ ಮಾತ್ರ ಸಹಿ ಹಾಕಬೇಡಿ.

ಗುದ್ದಿದ ಆ ಹೊತ್ತಿಗೆ

ಮೊದಲು ಜೀವ. 108ಕ್ಕೋ 112ಕ್ಕೋ ಕರೆ ಮಾಡಿ, ಹೆದ್ದಾರಿಯಲ್ಲಾದರೆ 1033. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಡ್ರೈವರನ ಕರ್ತವ್ಯ ಎಂದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಹೇಳುತ್ತದೆ. ಜನ ಹೊಡೆಯೋಕೆ ಬಂದರೆ ಗಾಡಿ ಬಿಟ್ಟು ಬಿಡದಿ ಠಾಣೆಗೋ ಹತ್ತಿರದ ಬೇರೆ ಠಾಣೆಗೋ ನೀವೇ ಹೋಗಿ ಹೇಳಿಕೆ ಕೊಡಿ. ಓಡಿಹೋಗುವುದು ಬೇರೆ, ಠಾಣೆಗೆ ಹೋಗುವುದು ಬೇರೆ. ದಾರಿಹೋಕರಾಗಿ ಸಹಾಯ ಮಾಡಿದವರನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಪೀಡಿಸುವಂತಿಲ್ಲ. 134ಎ ಕಲಂ ಅವರ ರಕ್ಷಣೆಗೇ ಇದೆ.

ಅಪಘಾತದ ಗಾಯಾಳುವಿಗೆ ಮೊದಲ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರ ಸರ್ಕಾರದ ಯೋಜನೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ. "ಅಡ್ವಾನ್ಸ್ ಕಟ್ಟಿ, ಆಮೇಲೆ ನೋಡ್ತೀವಿ" ಅಂದರೆ ಈ ಯೋಜನೆಯ ಹೆಸರು ಹೇಳಿ ಕೇಳಿ. ಕೇಳದೆ ಯಾರೂ ಹೇಳುವುದಿಲ್ಲ.

ಜೀವಕ್ಕೆ ಅಪಾಯ ಇಲ್ಲ ಅಂತ ಗೊತ್ತಾದ ಮೇಲೆ ಮೊಬೈಲ್ ತೆಗೆಯಿರಿ. ಬರೀ ನೆಗ್ಗಿದ ಜಾಗದ ಫೋಟೊ ತೆಗೆದರೆ ಸಾಲದು. ಎರಡೂ ಗಾಡಿ ನಿಂತ ಹಾಗೇ, ನಂಬರ್ ಪ್ಲೇಟ್ ಕಾಣುವ ಹಾಗೆ ತೆಗೆಯಿರಿ. ಹಿಂದೆ ಇರುವ ಬೋರ್ಡು, ಮೈಲಿಗಲ್ಲು, ಅಂಗಡಿ ಬರಬೇಕು. ಟಾರಿನ ಮೇಲೆ ಬ್ರೇಕ್ ಹಾಕಿದ ಗುರುತು, ಚೆಲ್ಲಿದ ಗಾಜು, ಸೋರಿದ ಎಣ್ಣೆ, ಎದುರು ಗಾಡಿಯವರ ಡಿಎಲ್, ಅವರ ಇನ್ಶೂರೆನ್ಸ್ ಕಂಪನಿ ಹೆಸರು, ನೋಡಿದ ಇಬ್ಬರ ಫೋನ್ ನಂಬರ್ ಇರಲಿ. ಅಕ್ಕಪಕ್ಕದ ಅಂಗಡಿ, ಕಂಪನಿ ಗೇಟಿನಲ್ಲಿ ಸಿಸಿಟಿವಿ ಇದ್ದರೆ ಅವತ್ತೇ ಕೇಳಿ. ತಡ ಮಾಡಿದರೆ ಹಳೆಯ ದೃಶ್ಯ ಅಳಿಸಿಹೋಗಿರುತ್ತದೆ.

ಇನ್ನೊಂದು ಮಾತು ಡ್ರೈವರುಗಳಿಗೆ. ಅಡಿಯಿಂದ ಎಣ್ಣೆಯೋ ಕೂಲೆಂಟೋ ಸೋರುತ್ತಿದ್ದರೆ "ಬಿಡದಿವರೆಗೆ ಓಡ್ಸಿಬಿಡ್ತೀನಿ" ಅನ್ನಬೇಡಿ. ಗುದ್ದಿದ ಮೇಲೆ ಓಡಿಸಿ ಎಂಜಿನ್ ಸೀಜ್ ಆದರೆ ಆ ಖರ್ಚು ಕಂಪನಿ ಕೊಡುವುದಿಲ್ಲ. ಟೋ ಮಾಡಿಸಿ, ನಿಮ್ಮ ಗಾಡಿ ಜಖಂ ವಿಮೆಯೂ ಸೇರಿದ ಪ್ಯಾಕೇಜ್ ಪಾಲಿಸಿಯಲ್ಲಿ ಕಾರು ಎಳೆಸಿದ ಖರ್ಚಿಗೆ 1,500 ರೂಪಾಯಿವರೆಗೆ ಸಿಗುತ್ತದೆ.

ಆಮೇಲೆ ಅವತ್ತೇ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ತೆಗೆದುಕೊಳ್ಳಿ. ಏಜೆಂಟಿಗೆ ಹೇಳಿದ್ದೀನಿ ಅಂತ ಸುಮ್ಮನಿರಬೇಡಿ, ಏಜೆಂಟಿನ ಕಿವಿ ಕಂಪನಿಯ ಕಿವಿ ಅಲ್ಲ. ಏನೋ ಕಾರಣಕ್ಕೆ ಒಂದೆರಡು ದಿನ ತಡ ಆಗಿದ್ದರೆ ಕಾರಣ ಬರೆದುಕೊಡಿ. ಕಾರಣ ನಿಜವಿದ್ದಾಗ ಬರೀ ತಡವಾಯಿತೆಂದು ಕ್ಲೇಮ್ ತಳ್ಳಿಹಾಕಬಾರದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರಲ್ಲೇ ಸುತ್ತೋಲೆ ಹೊರಡಿಸಿದೆ.

ಯಾರಿಗೂ ಪೆಟ್ಟಾಗದೆ ಬರೀ ನಿಮ್ಮ ಕಾರು ಜಖಂ ಆಗಿದ್ದರೆ ಸಾಮಾನ್ಯವಾಗಿ ಎಫ್‌ಐಆರ್ ಇಲ್ಲದೆಯೂ ಕ್ಲೇಮ್ ಆಗುತ್ತದೆ. ಪೆಟ್ಟು, ಸಾವು, ಕಳವು ಇದ್ದರೆ ಎಫ್‌ಐಆರ್ ಆಗಲೇಬೇಕು. ಅಲ್ಲಿ ರಾಜಿ ಮಾತೇ ಬೇಡ.

ಸರ್ವೇಯರ್ ಬರುವ ಮುಂಚೆ ಬಿಚ್ಚಿಸಬೇಡಿ

ಗ್ಯಾರೇಜಿನವರು ಎಷ್ಟೇ ಗುರುತಿನವರಾಗಿರಲಿ, ವಿಮಾ ಕಂಪನಿ ಕಳಿಸುವ ಸರ್ವೇಯರ್ ನೋಡಿ ಫೋಟೊ ತೆಗೆಯುವ ತನಕ ಒಂದು ಬೋಲ್ಟೂ ಬಿಚ್ಚಿಸಬೇಡಿ. ಬಿಚ್ಚಿದ ಮೇಲೆ ಒಳಗೆ ಬೇರೆ ಜಖಂ ಕಂಡರೆ ಮತ್ತೆ ಅವರಿಗೇ ತೋರಿಸಿ, ಎಸ್ಟಿಮೇಟಿಗೆ ಸೇರಿಸಿ. ತೆಗೆದ ಹಳೇ ಪಾರ್ಟು ಗುಜರಿಗೆ ಹಾಕದೆ ಇಟ್ಟಿರಿ. ಖಾಲಿ ಕ್ಲೇಮ್ ಫಾರಂಗೆ ಸಹಿ ಹಾಕಿಕೊಡುವ ಕೆಟ್ಟ ಚಾಳಿ ನಮ್ಮಲ್ಲಿದೆ. "ಸಾರ್, ಸೈನ್ ಹಾಕ್ಬಿಡಿ, ಮಿಕ್ಕಿದ್ದು ನಾವ್ ತುಂಬ್ಕೋತೀವಿ" ಅನ್ನುತ್ತಾರೆ. ಅವರು ತುಂಬಿದ ಕಥೆಗೂ ನಿಮ್ಮ ಫೋಟೊಗೂ ತಾಳೆ ಆಗದಿದ್ದರೆ ಸುಳ್ಳುಗಾರರಾಗುವವರು ನೀವು. ಓಡಿಸುತ್ತಿದ್ದವರು ಯಾರೋ ಅವರ ಹೆಸರನ್ನೇ ಬರೆಯಿರಿ. ಲೈಸೆನ್ಸ್ ಇಲ್ಲದ ಮಗನ ಬದಲು ಅಪ್ಪನ ಹೆಸರು ಹಾಕುವ ಜಾಣತನ ಸಿಕ್ಕಿಬಿದ್ದರೆ ಕ್ಲೇಮ್ ಪೂರ್ತಿ ಹೋಗುತ್ತದೆ. ಅಪ್ರಾಪ್ತ ಹುಡುಗನ ಕೈಗೆ ಗಾಡಿ ಕೊಟ್ಟ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಇದೆ ಅನ್ನೋದು ತಿಳಿದಿರಲಿ.

ದಿನದ ಲೆಕ್ಕ ನೀವೇ ಇಟ್ಟುಕೊಳ್ಳಿ. 2024ರ ಜೂನ್‌ನಲ್ಲಿ ಪ್ರಾಧಿಕಾರ ಹೊರಡಿಸಿದ ಸುತ್ತೋಲೆ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಕ್ಲೇಮಿಗೆ ನೇರ ಸಂಬಂಧ ಇಲ್ಲದ ಕಾಗದ ಕೇಳಿ ಸತಾಯಿಸುವಂತಿಲ್ಲ. "ಫೈಲ್ ಮೇಲ್ಗಡೆ ಹೋಗಿದೆ" ಅನ್ನೋದು ಉತ್ತರ ಅಲ್ಲ.

ಬಿಲ್ಲು ಎಷ್ಟೋ ಅಷ್ಟು ಯಾಕೆ ಬರುವುದಿಲ್ಲ?

ಇದು ಎಲ್ಲರೂ ಕೇಳುವ ಪ್ರಶ್ನೆ, ಇಲ್ಲೇ ಜಗಳವೂ ಜಾಸ್ತಿ. ಒಂದು ಲೆಕ್ಕ ಹಾಕಿ ತೋರಿಸುತ್ತೇವೆ. ನಾಲ್ಕೂವರೆ ವರ್ಷ ಹಳೆಯ, 1500 ಸಿಸಿ ಒಳಗಿನ ಕಾರು ಅಂದುಕೊಳ್ಳಿ. ಬಂಪರ್ 8,000, ಬಾಗಿಲು 10,000, ಮುಂದಿನ ಗಾಜು 6,000, ಕೂಲಿ 5,000. ಒಟ್ಟು 29,000.

ಪ್ಲಾಸ್ಟಿಕ್ಕು, ರಬ್ಬರು, ಟೈರು, ಬ್ಯಾಟರಿಗೆ ಸವಕಳಿ ಅರ್ಧಕ್ಕರ್ಧ. ಹಾಗಾಗಿ ಬಂಪರಿಗೆ 4,000 ಮಾತ್ರ. ಲೋಹದ ಭಾಗಕ್ಕೆ ಗಾಡಿಯ ವಯಸ್ಸಿನ ಮೇಲೆ ಕಡಿತ: ನಾಲ್ಕರಿಂದ ಐದು ವರ್ಷದ ಗಾಡಿಗೆ ಶೇ 35, ಐದರಿಂದ ಹತ್ತಕ್ಕೆ ಶೇ 40, ಹತ್ತು ದಾಟಿದರೆ ಅರ್ಧ. ಬಾಗಿಲಿಗೆ 6,500 ಬರುತ್ತದೆ. ಗಾಜಿಗೆ ಕಡಿತ ಇಲ್ಲ, ಕೂಲಿಗೂ ಇಲ್ಲ. ಸೇರಿಸಿದರೆ 21,500. ಅದರಲ್ಲಿ ಕಡ್ಡಾಯವಾಗಿ ನೀವು ಹೊರಬೇಕಾದ 1,000 ಕಳೆಯಿರಿ. 1500 ಸಿಸಿ ಮೇಲಿನ ಕಾರಾದರೆ 2,000. ಕೈಗೆ 20,500. ಮಿಕ್ಕ 8,500 ನಿಮ್ಮ ಜೇಬಿಂದ. ಪೇಂಟಿನ ಲೆಕ್ಕ ಬೇರೆ, ಅದರಲ್ಲೂ ಬಣ್ಣದ ಸಾಮಗ್ರಿಗೆ ಅರ್ಧ ಹೋಗುತ್ತದೆ. ಜೀರೊ ಡೆಪ್ ಮಾಡಿಸಿದ್ದರೆ ಈ ಸವಕಳಿ ಕಡಿತ ಬಹುಪಾಲು ಇರುವುದಿಲ್ಲ. ಯಾವುದಕ್ಕೆ ಇಲ್ಲ ಅಂತ ನಿಮ್ಮ ಪಾಲಿಸಿಯಲ್ಲೇ ನೋಡಿ. ರಿಪೇರಿ ಖರ್ಚು ಪಾಲಿಸಿಯಲ್ಲಿರುವ ಐಡಿವಿ (ಗಾಡಿಗೆ ಕಟ್ಟಿದ ವಿಮಾ ಬೆಲೆ) ಮೊತ್ತದ ಶೇ 75 ದಾಟಿದರೆ ಗಾಡಿ ಪೂರ್ತಿ ಹಾಳಾಯಿತೆಂದೇ ಲೆಕ್ಕ. ಆಗ ದುಡ್ಡು ಸಿಗುವುದು ಆ ಐಡಿವಿ ಲೆಕ್ಕದಲ್ಲೇ, ಆದ್ದರಿಂದ ಪ್ರೀಮಿಯಂ ನೂರಿನ್ನೂರು ಇಳಿಸೋಕೆ ಐಡಿವಿ ಇಳಿಸಬೇಡಿ.

ಹಾಗಂತ ಪ್ರತಿ ಗೀರಿಗೂ ಕ್ಲೇಮ್ ಮಾಡಿ ಅಂತ ನಾವು ಹೇಳೋದಿಲ್ಲ. ಹೇಳುವ ಏಜೆಂಟರಿದ್ದಾರೆ, ಅವರನ್ನು ನಂಬಬೇಡಿ. ಕ್ಲೇಮ್ ಮಾಡದ ವರ್ಷಗಳಿಗೆ ನೋ ಕ್ಲೇಮ್ ಬೋನಸ್ ಇದೆ: ಶೇ 20, 25, 35, 45, ಕೊನೆಗೆ 50. ನೀವು 50ರಲ್ಲಿದ್ದು ಒಂದು ಸಲ ಕ್ಲೇಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು. ಬೋನಸ್ ಕಳೆಯುವ ಮುಂಚಿನ ಓನ್ ಡ್ಯಾಮೇಜ್ (ನಿಮ್ಮ ಗಾಡಿ ಜಖಂನ) ಪ್ರೀಮಿಯಂ 8,000 ಅಂತಿಟ್ಟುಕೊಳ್ಳಿ. ಮೊದಲ ವರ್ಷ 4,000 ಹೋಯಿತು, ಮುಂದಿನ ವರ್ಷಗಳಲ್ಲಿ 2,400, 2,000, 1,200, 400. ಪ್ರೀಮಿಯಂ ಹಾಗೇ ಇದ್ದರೆ ಒಟ್ಟು 10,000 ರೂಪಾಯಿ ನಷ್ಟ. ಮೂರು ಸಾವಿರದ ಗೀರಿಗೆ ಇಷ್ಟು ಕಳೆದುಕೊಳ್ಳೋದು ದಡ್ಡತನ. ಯಾರಿಗೂ ಪೆಟ್ಟಾಗಿಲ್ಲ, ಒಳಗೆ ಏನೂ ಮುರಿದಿಲ್ಲ ಅಂತ ಮೆಕ್ಯಾನಿಕ್ ನೋಡಿ ಹೇಳಿದ ಮೇಲೆ, ಅಂಥ ಸಣ್ಣದಕ್ಕೆ ನಿಮ್ಮ ಕೈಯಿಂದಲೇ ಹಾಕಿ ಮುಗಿಸಿ. ರಸ್ತೆಯಲ್ಲಿ ನಿಂತು ತೀರ್ಮಾನ ಮಾಡುವುದೇ ತಪ್ಪು. ಗ್ಯಾರೇಜಿನಲ್ಲಿ ಲೆಕ್ಕ ಹಾಕಿ ಮಾಡಿ.

ನಮ್ಮೂರಲ್ಲಿ ಕ್ಲೇಮ್ ಬೀಳುವ ಗುಂಡಿಗಳು

ಒಂದು, ಸೆಕೆಂಡ್ ಹ್ಯಾಂಡ್ ಕಾರು. ಬೆಂಗಳೂರಿಂದ ತಂದ ಕಾರಿನ ಆರ್‌ಸಿ ನಿಮ್ಮ ಹೆಸರಿಗೆ ಆಗಿರುತ್ತದೆ, ಪಾಲಿಸಿ ಹಳೇ ಮಾಲೀಕನ ಹೆಸರಲ್ಲೇ ಇರುತ್ತದೆ. ಕೊಂಡ 14 ದಿನದೊಳಗೆ ಪಾಲಿಸಿ ವರ್ಗಾವಣೆಗೆ ಅರ್ಜಿ ಹಾಕಬೇಕು. ಎದುರಿನವರ ಗಾಯ-ನಷ್ಟದ ರಕ್ಷಣೆ ಕಾನೂನಿನ ಪ್ರಕಾರ ತಾನಾಗೇ ನಿಮಗೆ ಬರುತ್ತದೆ, ನಿಮ್ಮ ಕಾರಿನ ಜಖಂಗೆ ಮಾತ್ರ ಬರುವುದಿಲ್ಲ. ಈ ತಪ್ಪನ್ನು ಸುಪ್ರೀಂ ಕೋರ್ಟಿಗೆ ಹೋದರೂ ಸರಿಮಾಡೋಕೆ ಆಗಲಿಲ್ಲ: 1996ರಲ್ಲಿ ಇಂಥದೇ ಕೇಸಿನಲ್ಲಿ ಮಾಲೀಕರು ಸೋತಿದ್ದಾರೆ.

ಮತ್ತೊಂದು, ಅರ್ಧ ಪಾಲಿಸಿ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಡ್ಡಾಯ. ಶೋರೂಮಿನವರು ಅದರ ಜೊತೆ ನಿಮ್ಮ ಗಾಡಿ ಜಖಂನ ವಿಮೆಯನ್ನು ಒಂದೇ ವರ್ಷಕ್ಕೆ ಮಾಡಿರುತ್ತಾರೆ. ಎರಡನೇ ವರ್ಷ ನೀವು "ಐದು ವರ್ಷ ಇದೆಯಲ್ಲ" ಅಂತ ನೆಮ್ಮದಿಯಾಗಿ ಓಡಾಡುತ್ತೀರಿ. ಪೊಲೀಸರು ಹಿಡಿದರೆ ದಂಡ ಬೀಳುವುದಿಲ್ಲ ನಿಜ, ಗಾಡಿ ನುಜ್ಜುಗುಜ್ಜಾದರೆ ಒಂದು ಪೈಸೆಯೂ ಬರುವುದಿಲ್ಲ. ಬರೀ ಥರ್ಡ್ ಪಾರ್ಟಿ ಇರುವ ಕಾರಿನಲ್ಲಿ ಕೂತವರಿಗೂ ರಕ್ಷಣೆ ಇಲ್ಲ; ಪ್ಯಾಕೇಜ್ ಇದ್ದರೆ ಇದೆ.

ಶಿಫ್ಟಿನವರನ್ನು ಕರೆದೊಯ್ಯುವ ವೈಟ್ ಬೋರ್ಡ್ ಕಾರು, ದಿಬ್ಬಣಕ್ಕೆ ಜನ ತುಂಬಿಕೊಂಡು ಹೋಗುವ ಗೂಡ್ಸ್ ಟೆಂಪೊ, ಇವೆರಡೂ ನಮಗೆ ಗೊತ್ತಿದ್ದೇ ಮಾಡುವ ತಪ್ಪು. ಬಾಡಿಗೆಗೆ ಓಡಿಸಿದ ಸ್ವಂತ ಕಾರಿನ ಕ್ಲೇಮನ್ನು ಕಂಪನಿ ತಳ್ಳಿಹಾಕಬಹುದು, ಹೋರಾಡಿದರೂ ಕಡಿತ ಮಾಡಿಯೇ ಕೊಡುವುದುಂಟು. ಗೂಡ್ಸ್ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡ ಜನಕ್ಕೆ ಏನಾದರೂ ಆದರೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಆ ಹೊರೆ ಟೆಂಪೊ ಮಾಲೀಕನ ಹೊಲ-ಮನೆ ಮೇಲೆ ಬೀಳುತ್ತದೆ.

ಡ್ರೈವರುಗಳಿಗೆ ಒಂದು ಒಳ್ಳೆ ಸುದ್ದಿಯೂ ಇದೆ. ಎಲ್‌ಎಂವಿ ಲೈಸೆನ್ಸ್ ಇಟ್ಟುಕೊಂಡು 7,500 ಕೆಜಿ ಒಳಗಿನ ಗೂಡ್ಸ್ ಟೆಂಪೊ, ಹಳದಿ ಬೋರ್ಡ್ ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಖಚಿತಪಡಿಸಿತು. "ನಿಮಗೆ ಟ್ರಾನ್ಸ್‌ಪೋರ್ಟ್ ಬ್ಯಾಡ್ಜ್ ಇಲ್ಲ" ಅಂತ ಕ್ಲೇಮ್ ನಿರಾಕರಿಸಿದರೆ ಈ ತೀರ್ಪನ್ನು ಮುಂದಿಡಿ.

ಮನೆಯವರಿಗೆ ಗೊತ್ತೇ ಇಲ್ಲದ ಹದಿನೈದು ಲಕ್ಷ

ಈ ಕರಪತ್ರದಲ್ಲಿ ಒಂದೇ ಒಂದು ವಿಷಯ ಮನೆಯಲ್ಲಿ ಓದಿ ಹೇಳುವುದಾದರೆ ಇದನ್ನು ಹೇಳಿ. ಮಾಲೀಕನೇ ಓಡಿಸುವಾಗ ಅಪಘಾತದಲ್ಲಿ ತೀರಿಕೊಂಡರೆ 15 ಲಕ್ಷ ರೂಪಾಯಿ ಕೊಡುವ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯ. ಪಾಲಿಸಿಯಲ್ಲಿ ಅದಕ್ಕೆ ಬೇರೆ ಸಾಲಿನಲ್ಲಿ ಪ್ರೀಮಿಯಂ ಹಾಕಿರುತ್ತಾರೆ. ಬೈಕಿಗೂ ಇದೆ. ತಪ್ಪು ಯಾರದೆಂದು ಸಾಬೀತುಮಾಡಬೇಕಾಗಿಲ್ಲ, ಮರಕ್ಕೆ ಗುದ್ದಿದರೂ ಸಿಗುತ್ತದೆ. ಗಾಡಿ ಅವರ ಹೆಸರಲ್ಲಿರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು, ಕುಡಿದಿರಬಾರದು. ಬೇರೆ ಕಡೆ ಇಂಥದೇ ವಿಮೆ ಇದೆ ಅಂತ ಬರೆದುಕೊಟ್ಟವರು ಇದನ್ನು ಬಿಟ್ಟಿರಬಹುದು. ಹಾಗಾಗಿ ನಿಮ್ಮ ಪಾಲಿಸಿ ತೆಗೆದು ನೋಡಿ. ನಾಮಿನಿ ಹೆಸರು ಖಾಲಿ ಇದ್ದರೆ ಇವತ್ತೇ ತುಂಬಿಸಿ. ತಿಥಿ ಮುಗಿದ ಮೇಲೆ ಗಾಡಿಯನ್ನು ಗುಜರಿಗೆ ಮಾರಿ, ಕಾಗದ ಒಲೆಗೆ ಹಾಕಿದರೆ ಆ ಹದಿನೈದು ಲಕ್ಷವೂ ಹೋದಂತೆ.

ಎದುರು ಗಾಡಿಯಿಂದ ಪೆಟ್ಟಾದವರಿಗೆ, ಸತ್ತವರ ಮನೆಯವರಿಗೆ ಪರಿಹಾರ ಕೊಡಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಅರ್ಜಿಯನ್ನು ಆರು ತಿಂಗಳೊಳಗೆ ಹಾಕಬೇಕು ಎಂದು 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಹೇಳುತ್ತದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಆದರೂ ಆ ಕೇಸನ್ನು ನೆಚ್ಚಿ ಕೂರಬೇಡಿ. ಗುದ್ದಿದ ಗಾಡಿ ಸಿಗದೇ ಹೋದರೂ ಪರಿಹಾರ ಇದೆ: ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000.

ಕಂಪನಿ ಆಗಲ್ಲ ಅಂದರೆ

ಬಾಯಲ್ಲಿ ಹೇಳಿದ್ದಕ್ಕೆ ತಲೆಯಾಡಿಸಿ ಬರಬೇಡಿ. ಯಾವ ಷರತ್ತಿನ ಪ್ರಕಾರ ಆಗಲ್ಲ ಅಂತ ಬರಹದಲ್ಲಿ ಕೇಳಿ, ಸರ್ವೇಯರ್ ವರದಿಯ ಪ್ರತಿ ಕೇಳಿ. ಕಂಪನಿಯ ದೂರು ವಿಭಾಗಕ್ಕೆ ಪತ್ರ ಹಾಕಿ. ಪ್ರಾಧಿಕಾರದ ಸಹಾಯವಾಣಿ 155255, ಕರೆಗೆ ದುಡ್ಡಿಲ್ಲ. ತಿಂಗಳಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆ ಆಗದಿದ್ದರೆ ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ನಿಮ್ಮ ಸ್ವಂತ ಪಾಲಿಸಿಯ ಜಗಳ ಅಲ್ಲಿಗೆ ಒಯ್ಯಬಹುದು. ಫೀಸು ಇಲ್ಲ, ವಕೀಲರು ಬೇಕಾಗಿಲ್ಲ, 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಅದೂ ಬೇಡ ಅಂದರೆ ಗ್ರಾಹಕರ ಆಯೋಗ, ಅಲ್ಲಿಗೆ ಎರಡು ವರ್ಷದ ಗಡುವು. ರಾಮನಗರಕ್ಕೆ ಗೂಡು ಹಾಕೋಕೆ ಹೋಗಿ ಹರಾಜಿನಲ್ಲಿ ರೂಪಾಯಿ ರೂಪಾಯಿಗೂ ಜಗ್ಗಾಡುವ ಜನ ನಾವು. ಇಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡು ಬರೋದು ಯಾಕೆ?

ಬನ್ನಿ

ಬರುವ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಊರಿನ ಅರಳಿಕಟ್ಟೆ ಹತ್ತಿರ ಸೇರೋಣ. ಆರ್‌ಸಿ, ಡಿಎಲ್, ಪಾಲಿಸಿ ತನ್ನಿ, ಮೊಬೈಲಿನಲ್ಲಿದ್ದರೂ ನಡೆಯುತ್ತದೆ. ಒಬ್ಬೊಬ್ಬರ ಪಾಲಿಸಿಯನ್ನೂ ಕನ್ನಡದಲ್ಲಿ ಓದಿ ಹೇಳುತ್ತೇವೆ: ಯಾರ ಹೆಸರಲ್ಲಿದೆ, ಯಾವತ್ತು ಮುಗಿಯುತ್ತದೆ, ಓನ್ ಡ್ಯಾಮೇಜ್ ಇದೆಯೋ ಇಲ್ಲವೋ, ನಾಮಿನಿ ಯಾರು. ಕ್ಲೇಮ್ ನಿಂತುಹೋಗಿರುವವರು ಕಂಪನಿಯ ಪತ್ರ, ಗ್ಯಾರೇಜ್ ಬಿಲ್ಲು ತಂದರೆ ದೂರಿನ ಅರ್ಜಿ ಅಲ್ಲೇ ಬರೆಯೋಣ. ಪಾಲಿಸಿಯನ್ನೂ ಕ್ಲೇಮ್ ಫಾರಂ ಅನ್ನೂ ಕನ್ನಡದಲ್ಲಿ ಕೊಡಿ ಅಂತ ಕಂಪನಿಗಳಿಗೆ, ಪ್ರಾಧಿಕಾರಕ್ಕೆ ಮನವಿ ಬರೆದಿದ್ದೇವೆ, ಅದಕ್ಕೆ ಸಹಿ ಹಾಕಿ. ಹೆಂಗಸರು ಬರಲೇಬೇಕು, ಮೇಲೆ ಹೇಳಿದ ಹದಿನೈದು ಲಕ್ಷ ಕೇಳಬೇಕಾದವರು ನೀವು. ದುಡ್ಡು ಕಾಸು ಏನೂ ಇಲ್ಲ. ಏಜೆಂಟರು ಬರಬಹುದು, ಪಾಲಿಸಿ ಮಾರುವಂತಿಲ್ಲ.

ಮಳೆ ಬಂದರೆ ಪಕ್ಕದ ದೇವಸ್ಥಾನದ ಜಗುಲಿ ಮೇಲೆ ಕೂರೋಣ.

ಇಂತಿ,
ಬೈರಮಂಗಲ ಸುತ್ತಮುತ್ತಲ ಗಾಡಿ ಮಾಲೀಕರು ಮತ್ತು ಡ್ರೈವರುಗಳು